ಅರಳು ಮರಳಿನ ಸಂಶೋಧನೆಗೆ ಹಣ ಎಲ್ಲಿಂದ? ಕಿರಿಯ ಸಂಶೋಧಕರಿಗಿರುವ ಅನುದಾನಗಳ ಪರಿಚಯ

ಕೋಸಗಿ: ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಈಗಷ್ಟೇ ಉಂಡ ಅಜ್ಜ ಇನ್ನೂ ಊಟಕ್ಕೆ ಹಾಕಿಲ್ಲವೆಂದು ಕೂಗಾಡಿದರೆ, ಬೀಡಿ ತರಲು ಹೋದವನು ತನ್ನ ಓಣಿಯನ್ನೇ ಮರೆತು ಸ್ಟೇಷನ್ ದಾರಿ ಹಿಡಿದರೆ "ವಯಸ್ಸಾತು ಬಿಡ್ರಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ. ಎಂಬತ್ತು ದಾಟಿದರೂ ಯಾರ ಹೊಲದ ಬದು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅರಳು ಮರಳು ಎಂದು ನಾವು ತಳ್ಳಿಹಾಕುವ ಸ್ಥಿತಿಯಲ್ಲಿ ಬಹುಪಾಲು ಒಂದು ರೋಗ. ವೈದ್ಯರು ಅದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಅತಿ ಹೆಚ್ಚು ಕಾಣುವ ಬಗೆ ಅಲ್ಝೈಮರ್ಸ್.

ರೋಗದ ಲಕ್ಷಣಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಈ ಲೇಖನದ ವಿಷಯ ಬೇರೆ. ಈ ರೋಗವನ್ನು ಅಧ್ಯಯನ ಮಾಡುವವರಿಗೆ, ಅದರಲ್ಲೂ ಈಗಷ್ಟೇ ಓದು ಮುಗಿಸಿ ಸಂಶೋಧನೆಗೆ ಇಳಿದ ಹುಡುಗ ಹುಡುಗಿಯರಿಗೆ ಹಣ ಕೊಡುವವರು ಯಾರು, ಎಷ್ಟು ವರ್ಷ ಕೊಡುತ್ತಾರೆ, ಅದು ಸಾಲುತ್ತದೆಯೇ ಎಂಬುದು. ಕೋಸಗಿಯಂಥ ಊರಿಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ, ಅದೂ ಹತ್ತಿರದ್ದೇ.

ಮೊದಲು ಒಂದೆರಡು ಅಂಕಿ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಲಾಸಿ-ಡ್ಯಾಡ್ ಎಂದು ಕರೆಯುವ ಈ ಅಧ್ಯಯನದಲ್ಲಿ 4,096 ಹಿರಿಯರನ್ನು ಪರೀಕ್ಷಿಸಲಾಗಿತ್ತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ರೋಗ ಹೆಚ್ಚು ಕಂಡಿತು. ರಾಜ್ಯದಿಂದ ರಾಜ್ಯಕ್ಕೆ ಪ್ರಮಾಣ 4.5ರಿಂದ 11ರವರೆಗೆ ಏರಿಳಿಯಿತು. 2010ರಲ್ಲಿ ಭಾರತೀಯ ಅಲ್ಝೈಮರ್ಸ್ ಸಂಘ ಹೊರತಂದ ವರದಿಯಲ್ಲಿ ಈ ಸಂಖ್ಯೆ 37 ಲಕ್ಷ ಇತ್ತು. ಹದಿಮೂರು ವರ್ಷದಲ್ಲಿ ರೋಗಿಗಳು ದುಪ್ಪಟ್ಟಾದರು ಎಂದು ಇದನ್ನು ಓದಿಕೊಳ್ಳಬಾರದು. ಹಿರಿಯರ ಸಂಖ್ಯೆ ಬೆಳೆದದ್ದು ಒಂದು ಕಾರಣ, ಎಣಿಕೆಯ ವಿಧಾನ ಬೇರೆಯಾದದ್ದು ಇನ್ನೊಂದು.

ಈಗ ನಮ್ಮ ಊರಿನ ಮಾತು. ಕೋಸಗಿ, ಕೌತಾಳಂ, ಮಂತ್ರಾಲಯ ಮಂಡಲಗಳ ದುಡಿಯುವ ಜನ ಮಳೆ ಕೈಕೊಟ್ಟ ವರ್ಷ ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಕಟ್ಟಡ ಕೆಲಸಕ್ಕೆಂದು ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಊರಲ್ಲಿ ಉಳಿಯುವವರು ಮುದುಕರು, ಕೆಲವೊಮ್ಮೆ ಅವರ ಜತೆ ಮೊಮ್ಮಕ್ಕಳು. ಅಜ್ಜಿಗೆ ಮರೆವು ಶುರುವಾದರೆ ಮೊದಲು ಗಮನಿಸಬೇಕಾದವರೇ ಊರಲ್ಲಿರುವುದಿಲ್ಲ. ಈ ಹಿರಿಯರಲ್ಲಿ ಬಹಳಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆದೋನಿ ಬಜಾರಿನಲ್ಲಿ ಬೇಕಾದರೆ ಉರ್ದು ಎಂದು ಮೂರು ಭಾಷೆ ನಿಭಾಯಿಸುತ್ತಾರೆ. ಓದು ಬಾರದ, ಹಲವು ಭಾಷೆಯ, ಹಳ್ಳಿಯ ಹಿರಿಯರು. ಜಗತ್ತಿನ ಡಿಮೆನ್ಷಿಯಾ ಸಂಶೋಧನೆ ಅತಿ ಕಡಿಮೆ ನೋಡಿರುವುದು ಇಂಥವರನ್ನೇ.

ಹತ್ತು ಮತ್ತು ಅರವತ್ತಾರು

1998ರಲ್ಲಿ ಕೇರಳದ ಕೊಚ್ಚಿಯಲ್ಲಿ ಈ ರೋಗದ ತಜ್ಞರು ಸೇರಿದ್ದಾಗ ಒಂದು ಲೆಕ್ಕ ಎಲ್ಲರನ್ನೂ ಚುಚ್ಚಿತು. ಡಿಮೆನ್ಷಿಯಾ ಇರುವವರಲ್ಲಿ ನೂರಕ್ಕೆ 66 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಆದರೆ ಜನಸಮುದಾಯದ ನಡುವೆ ನಡೆಯುವ ಸಂಶೋಧನೆಯಲ್ಲಿ ನೂರಕ್ಕೆ 10ರಷ್ಟೂ ಆ ದೇಶಗಳಲ್ಲಿ ನಡೆಯುತ್ತಿಲ್ಲ. ಅಲ್ಲಿ ಹುಟ್ಟಿದ ತಂಡ ತನ್ನ ಹೆಸರನ್ನೇ 10/66 ಎಂದು ಇಟ್ಟುಕೊಂಡಿತು. ಆ ತಂಡದ ಕೆಲಸದಿಂದ ಭಾರತ, ಚೀನಾ, ಲ್ಯಾಟಿನ್ ಅಮೆರಿಕದ ಊರುಗಳ ಮಾಹಿತಿ ಮೊದಲ ಸಲ ಒಂದೇ ಅಳತೆಯಲ್ಲಿ ಸಿಕ್ಕಿತು.

ಅಳತೆ ಎಂದೆನಲ್ಲ, ಅಲ್ಲೇ ಒಂದು ತೊಡಕಿದೆ. ನೆನಪು ಪರೀಕ್ಷಿಸಲು ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಾದ, 1975ರಲ್ಲಿ ಅಮೆರಿಕದಲ್ಲಿ ತಯಾರಾದ 30 ಅಂಕದ ಪ್ರಶ್ನಾವಳಿಯಲ್ಲಿ ಒಂದು ವಾಕ್ಯ ಬರೆಯಿರಿ, ಇಲ್ಲಿರುವುದನ್ನು ಓದಿ ಹಾಗೆಯೇ ಮಾಡಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂಬಂಥ ಪ್ರಶ್ನೆಗಳಿವೆ. ಅಕ್ಷರ ಬಾರದ ಅಜ್ಜಿ ಎಷ್ಟೇ ಚುರುಕಿದ್ದರೂ ಇದರಲ್ಲಿ ಫೇಲಾಗುತ್ತಾಳೆ. ಅದೇ ಅಜ್ಜಿಯನ್ನು ವಾರದ ಕೂಲಿಯ ಲೆಕ್ಕದಲ್ಲಿ ಯಾರೂ ಮೋಸ ಮಾಡಲಾರರು. ಆದ್ದರಿಂದ ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಸೇರಿ, ಓದು ಬಾರದವರಿಗೂ ಹೊಂದುವಂತೆ ಹಿಂದಿಯಲ್ಲಿ ಬೇರೆ ಪರೀಕ್ಷೆ ಸಿದ್ಧಪಡಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಒಂದು ಪರೀಕ್ಷಾ ಕಟ್ಟನ್ನು ರೂಪಿಸಿತು. ಅದರ ವಿವರ 2020ರಲ್ಲಿ ಪ್ರಕಟವಾಯಿತು.

ಕನ್ನಡದಲ್ಲಿ ಬಂದ ಮಾತ್ರಕ್ಕೆ ಕೋಸಗಿಯಲ್ಲಿ ನಡೆಯುತ್ತದೆ ಎಂದಲ್ಲ. ಛತ್ರಿಯ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ ಪುಸ್ತಕದ ಉತ್ತರ 'ಕೊಡೆ' ಇರಬಹುದು. ನಮ್ಮ ಅಜ್ಜಿ 'ಛತ್ರಿ' ಎನ್ನುತ್ತಾಳೆ, ಪಕ್ಕದ ಮನೆಯಾಕೆ ತೆಲುಗಿನಲ್ಲಿ 'ಗೊಡುಗು' ಎನ್ನುತ್ತಾಳೆ. ಮೂರೂ ಸರಿ ಎಂದು ತಿಳಿಯಲು ಕೇಳುವವನಿಗೆ ಈ ಭಾಗದ ಮಾತು ಗೊತ್ತಿರಬೇಕು. ಇಂಥ ಕೆಲಸವನ್ನು ಊರೂರು ತಿರುಗಿ ಮಾಡುವವರು ಹಿರಿಯ ಪ್ರಾಧ್ಯಾಪಕರಲ್ಲ, ಇಪ್ಪತ್ತೈದು ಮೂವತ್ತರ ವಯಸ್ಸಿನ ಸಂಶೋಧಕರು. ಅವರಿಗೆ ಯಾರಾದರೂ ಸಂಬಳ ಕೊಟ್ಟರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ.

ಹೈದರಾಬಾದಿನ 648 ಮಂದಿ

ಹಣ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಹೈದರಾಬಾದಿನದು. ಅಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆಯಾಗಿದ್ದ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದ 648 ರೋಗಿಗಳ ವಿವರ ಪರಿಶೀಲಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಕಂಡದ್ದು ವಿಶೇಷ, ಏಕೆಂದರೆ ಅದಕ್ಕೂ ಮೊದಲು ಕೆನಡಾದಲ್ಲಿ ಇಂಥದೇ ಫಲಿತಾಂಶ ಬಂದಾಗ ಅದು ಭಾಷೆಯ ಪ್ರಭಾವವಲ್ಲ, ಓದಿನ ಅಥವಾ ವಲಸೆಯ ಪ್ರಭಾವ ಎಂಬ ಆಕ್ಷೇಪ ಇತ್ತು. 2013ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಬಂದ ಈ ಲೇಖನ ಜಗತ್ತಿನಾದ್ಯಂತ ಚರ್ಚೆಯಾಯಿತು.

ಎರಡು ಭಾಷೆ ಬಂದರೆ ಅರಳು ಮರಳು ಬರುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ಆ 391 ಮಂದಿಗೂ ರೋಗ ಬಂದೇ ಇತ್ತು. ಅಲ್ಲದೆ ಅವರೆಲ್ಲ ಆಸ್ಪತ್ರೆಗೆ ಬಂದವರು. ಆಸ್ಪತ್ರೆಯ ಬಾಗಿಲು ಕಾಣದ ಹಳ್ಳಿಗರಲ್ಲಿ ಹೀಗೇ ಇದೆಯೇ ಎಂದು ತಿಳಿಯಲು ಹಳ್ಳಿಗೇ ಹೋಗಬೇಕು, ರೋಗವಿಲ್ಲದವರನ್ನೂ ವರ್ಷಗಟ್ಟಲೆ ಗಮನಿಸಬೇಕು.

ಈ ಅಧ್ಯಯನಕ್ಕೆ ಬೆನ್ನಾಗಿ ನಿಂತದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಶುರು ಮಾಡಿದ ಅರಿವಿನ ವಿಜ್ಞಾನ ಸಂಶೋಧನಾ ಯೋಜನೆ. ವೈದ್ಯರು, ಭಾಷಾಶಾಸ್ತ್ರಜ್ಞರು, ಕಂಪ್ಯೂಟರ್ ತಜ್ಞರು ಒಟ್ಟಾಗಿ ಕೆಲಸ ಮಾಡಲು ಈ ಯೋಜನೆ ಅವಕಾಶ ಕೊಡುತ್ತದೆ. ಪಿಎಚ್.ಡಿ ಮುಗಿಸಿದ ಕಿರಿಯರಿಗೆ ಫೆಲೋಶಿಪ್ ಕೂಡ ಅದರ ಭಾಗ. ಡಾ. ಅಲ್ಲಾಡಿ ನಂತರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಹಳ್ಳಿಗೇ ಹೋಗುವ ಕೆಲಸ ಕರ್ನಾಟಕದಲ್ಲಿ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮಾವಿಗೆ ಹೆಸರಾದ ತಾಲ್ಲೂಕು, ಆಂಧ್ರದ ಗಡಿಗೆ ಹೊಂದಿಕೊಂಡಿದೆ. ನಮ್ಮಲ್ಲಿಯ ಹಾಗೇ ಅಲ್ಲಿಯೂ ಕನ್ನಡ, ತೆಲುಗು ಎರಡೂ ಆಡುತ್ತಾರೆ. ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ನೆನಪು, ರಕ್ತ, ನಡಿಗೆ, ಮಿದುಳಿನ ಚಿತ್ರಗಳನ್ನು ಮತ್ತೆ ಮತ್ತೆ ಪರೀಕ್ಷಿಸುವ ಅಧ್ಯಯನ 2018ರ ಜನವರಿಯಲ್ಲಿ ಆರಂಭವಾಯಿತು. ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ.

ಈ ಕೇಂದ್ರಕ್ಕೆ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಪತ್ನಿ ಸುಧಾ ಅವರು ತಮ್ಮ ಪ್ರತೀಕ್ಷಾ ಟ್ರಸ್ಟ್ ಮೂಲಕ 225 ಕೋಟಿ ರೂ. ಕೊಡುವುದಾಗಿ ಮುಂದೆ ಬಂದರು. ಹತ್ತು ವರ್ಷಗಳಿಗೆಂದು ಹೇಳಿದ ಹಣ ಅದು. 2022ರ ಜೂನ್ 20ರಂದು ಕೇಂದ್ರದ ಹೊಸ ಕಟ್ಟಡವನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಬೆಂಗಳೂರು ನಗರದವರ ಮೇಲೆ ನಡೆಯುವ ಜೋಡಿ ಅಧ್ಯಯನಕ್ಕೆ ಟಾಟಾ ಟ್ರಸ್ಟ್ಸ್ ನೆರವಾಯಿತು.

ಹತ್ತು ವರ್ಷ ಎಂಬ ಮಾತನ್ನು ಓದುಗರು ಗಮನಿಸಬೇಕು. ಅಲ್ಝೈಮರ್ಸ್ ರೋಗದಲ್ಲಿ ಮರೆವು ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಇಷ್ಟು ನಿಧಾನದ ರೋಗವನ್ನು ಎರಡು ವರ್ಷದ ಹಣದಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಆದರೆ ಕಿರಿಯ ಸಂಶೋಧಕರಿಗೆ ಸಾಮಾನ್ಯವಾಗಿ ಸಿಗುವುದು ಎರಡು ಮೂರು ವರ್ಷದ ಹಣವೇ. ಶ್ರೀನಿವಾಸಪುರದಂಥ ದೊಡ್ಡ ಅಧ್ಯಯನದ ನೆರಳಿನಲ್ಲಿದ್ದರೆ ಸಂಗ್ರಹವಾದ ಮಾಹಿತಿಯ ಮೇಲೆ ಕೆಲಸ ಮಾಡಬಹುದು. ತಾನೇ ಹೊಸದೊಂದು ಕಡೆ, ಹೇಳಿ ಆದೋನಿ ಭಾಗದಲ್ಲಿ, ಶುರು ಮಾಡುತ್ತೇನೆ ಎನ್ನುವವನಿಗೆ ದಾರಿ ಕಷ್ಟ.

ಹಣದ ಮೆಟ್ಟಿಲುಗಳು

ನಾನು ಬಿ.ಎ. ಓದಿದವನು. ಅನುದಾನ ಎಂದರೆ ಒಮ್ಮೆ ಚೆಕ್ ಬರೆದು ಕೊಡುವುದು ಎಂದೇ ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಸಂಶೋಧಕನ ವಯಸ್ಸು, ಓದಿನ ಹಂತ ನೋಡಿ ಬೇರೆ ಬೇರೆ ಹಣ ಇದೆ. ಬಹುತೇಕ ಅದು ವ್ಯಕ್ತಿಯ ಕೈಗೆ ಬರುವುದಿಲ್ಲ, ಅವನು ಕೆಲಸ ಮಾಡುವ ಸಂಸ್ಥೆಯ ಖಾತೆಗೆ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತು ಹೇಗೆ ಖರ್ಚಾಯಿತು ಎಂಬ ಪ್ರಮಾಣಪತ್ರ ಹೋದ ಮೇಲೆ ಮುಂದಿನದು. ನಡುವೆ ತಡವಾದರೆ ಹಳ್ಳಿಗೆ ಹೋಗುವ ಜೀಪಿನ ಬಾಡಿಗೆ, ಸಹಾಯಕರ ಸಂಬಳ ಎಲ್ಲವೂ ನಿಲ್ಲುತ್ತದೆ. ಯಂತ್ರ ಒಂದು ತಿಂಗಳು ಸುಮ್ಮನಿದ್ದರೆ ತೊಂದರೆಯಿಲ್ಲ, ಆರು ತಿಂಗಳಿಗೊಮ್ಮೆ ನೋಡಲೇಬೇಕಾದ ಅಜ್ಜ ಕಾಯುವುದಿಲ್ಲ.

ಮೊದಲ ಮೆಟ್ಟಿಲು ವೈದ್ಯಕೀಯ ವಿದ್ಯಾರ್ಥಿಗಳದು. ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಐಸಿಎಂಆರ್ ಎರಡು ತಿಂಗಳ ಸಣ್ಣ ಸಂಶೋಧನೆಗೆ ವಿದ್ಯಾರ್ಥಿ ವೇತನ ಕೊಡುವ ಪದ್ಧತಿ 1979ರಿಂದ ಇದೆ. ಕರ್ನೂಲು, ಬಳ್ಳಾರಿ, ರಾಯಚೂರು ವೈದ್ಯಕೀಯ ಕಾಲೇಜುಗಳಲ್ಲಿ ಓದುವ ನಮ್ಮ ಭಾಗದ ಮಕ್ಕಳು ತಮ್ಮ ಅಧ್ಯಾಪಕರೊಬ್ಬರನ್ನು ಮಾರ್ಗದರ್ಶಿಯಾಗಿ ಹಿಡಿದು ಅರ್ಜಿ ಹಾಕಬಹುದು. ಎರಡು ತಿಂಗಳಲ್ಲಿ ದೊಡ್ಡದೇನೂ ಆಗುವುದಿಲ್ಲ, ಆದರೆ ಒಂದು ಹಳ್ಳಿಯ ಹಿರಿಯರನ್ನು ಮಾತಾಡಿಸಿ ಬರಬಹುದು.

ಎರಡನೆಯದು ಪಿಎಚ್.ಡಿ ಹಂತ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗೆದ್ದವರಿಗೆ 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ 42,000 ರೂ. ನಿಗದಿಯಾಯಿತು. ಅದಕ್ಕೆ ಮೊದಲು 31,000 ಇತ್ತು. ಅದಕ್ಕೂ ಹಿಂದೆ 25,000 ಇದ್ದಾಗ ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದ ಮೇಲೆ 2019ರಲ್ಲಿ ಏರಿಕೆಯಾಗಿತ್ತು. ಇಲ್ಲಿ ಗಮನಿಸಬೇಕಾದ್ದು, ನೆಟ್ ಕೇವಲ ವಿಜ್ಞಾನದವರಿಗಲ್ಲ. ಮನಃಶಾಸ್ತ್ರ, ಭಾಷಾಶಾಸ್ತ್ರ, ಸಮಾಜಕಾರ್ಯ ಓದಿದವರೂ ಬರೆಯಬಹುದು, ಮರೆವಿನ ರೋಗದ ಮೇಲೆಯೇ ಪಿಎಚ್.ಡಿ ಮಾಡಬಹುದು. ಮಾತು ಕಳೆದುಕೊಳ್ಳುವ ಬಗೆಯ ಡಿಮೆನ್ಷಿಯಾ ಕುರಿತು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಭಾಷೆ ಬಲ್ಲವರಿಗೇ ಕೆಲಸ.

ಪಿಎಚ್.ಡಿ ಮುಗಿದು ಕಾಯಂ ಕೆಲಸ ಸಿಗುವವರೆಗಿನ ಅವಧಿಯೇ ಬಹಳ ಇಕ್ಕಟ್ಟಿನದು. ವಯಸ್ಸು ಮೂವತ್ತು ದಾಟಿರುತ್ತದೆ, ಮನೆಯಲ್ಲಿ ಮದುವೆಯ ಒತ್ತಾಯ, ತಂದೆ ತಾಯಿಯ ಔಷಧಿ ಖರ್ಚು. ಔಷಧ ಕಂಪನಿಗೋ ವಿದೇಶಕ್ಕೋ ಹೋಗುವವರು ಹೆಚ್ಚಾಗಿ ಹೋಗುವುದು ಇದೇ ಹೊತ್ತಿಗೆ. ಇವರಿಗೆ ಕೇಂದ್ರದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಇದೆ: ಎರಡು ವರ್ಷ, ಸಾಮಾನ್ಯ ವಯೋಮಿತಿ 35. ಇದನ್ನು ಹಿಂದೆ ಎಸ್‌ಇಆರ್‌ಬಿ ಕೊಡುತ್ತಿತ್ತು. 2023ರ ಕಾಯ್ದೆಯಂತೆ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಅದು ವಿಲೀನವಾಯಿತು. ಇದೇ ಪ್ರತಿಷ್ಠಾನ 2024ರಲ್ಲಿ, ಹೊಸದಾಗಿ ಕಾಯಂ ಹುದ್ದೆಗೆ ಸೇರಿದ ಅಧ್ಯಾಪಕರು ಮತ್ತು ವಿಜ್ಞಾನಿಗಳಿಗೆಂದು ಪ್ರಧಾನಮಂತ್ರಿ ಆರಂಭಿಕ ಸಂಶೋಧನಾ ಅನುದಾನ ಪ್ರಕಟಿಸಿತು. ಮೂರು ವರ್ಷಕ್ಕೆ 60 ಲಕ್ಷ ರೂ.ವರೆಗೆ ಸಿಗುತ್ತದೆ. ಇವೆರಡೂ ಎಲ್ಲ ವಿಜ್ಞಾನಗಳಿಗೂ ಸಾಮಾನ್ಯ. ಬ್ಯಾಟರಿ, ಚಿಪ್ಪು, ಬಿತ್ತನೆ ಬೀಜ ಎಲ್ಲದರ ಜತೆ ಮುದುಕರ ಮರೆವೂ ಸ್ಪರ್ಧೆ ಮಾಡಬೇಕು.

ವಿದೇಶದಿಂದ ಮರಳಿ ಬರುವವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್ ಐದು ವರ್ಷದ್ದು. ಐಸಿಎಂಆರ್ ಮುಖ್ಯಸ್ಥರಾಗಿದ್ದ, ನಮ್ಮ ಆಂಧ್ರದ ಶ್ರೀಕಾಕುಳಂನಲ್ಲಿ ಹುಟ್ಟಿದ ವುಲಿಮಿರಿ ರಾಮಲಿಂಗಸ್ವಾಮಿ ಅವರ ಹೆಸರು ಅದಕ್ಕಿದೆ.

ಇವೆಲ್ಲದರಲ್ಲಿ ಡಿಮೆನ್ಷಿಯಾದ ಕೆಲಸಕ್ಕೆ ಹೆಚ್ಚು ಹೊಂದುವುದು, ನನ್ನ ಅಭಿಪ್ರಾಯದಲ್ಲಿ, ಇಂಡಿಯಾ ಅಲಯನ್ಸ್ ಕೊಡುವ ಆರಂಭಿಕ ಹಂತದ ಫೆಲೋಶಿಪ್. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008-09ರಲ್ಲಿ ಆರಂಭಿಸಿದ ಇದರ ಕಚೇರಿ ಹೈದರಾಬಾದಿನಲ್ಲಿದೆ. ಐದು ವರ್ಷ ಸಂಬಳವೂ ಸಂಶೋಧನೆಯ ಖರ್ಚೂ ಸಂಶೋಧಕನ ಹೆಸರಿನಲ್ಲೇ ಮಂಜೂರಾಗುತ್ತದೆ, ಪ್ರಾಧ್ಯಾಪಕರ ಹೆಸರಿನಲ್ಲಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ತನ್ನ ಪ್ರಶ್ನೆ ಯಾವುದು, ಯಾವ ಊರಿಗೆ ಹೋಗಬೇಕು ಎಂಬುದನ್ನು ಅವನೇ ನಿರ್ಧರಿಸಬಹುದು. ವೈದ್ಯರಿಗೆ ಮತ್ತು ಜನಾರೋಗ್ಯದವರಿಗೆ ಬೇರೆ ವಿಭಾಗವೇ ಇದೆ. 2025ರ ಅಕ್ಟೋಬರ್ 1ರಂದು ಕೇಂದ್ರ ಸಂಪುಟ ಇದರ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂ. ಪೈಕಿ ಇಲಾಖೆಯದು 1,000 ಕೋಟಿ, ವೆಲ್‌ಕಮ್‌ನದು 500 ಕೋಟಿ. ಆದರೆ ಸ್ಪರ್ಧೆ ದೇಶದ್ದು, ಗೆಲ್ಲುವವರಲ್ಲಿ ದೊಡ್ಡ ಊರಿನ ದೊಡ್ಡ ಸಂಸ್ಥೆಗಳವರೇ ಹೆಚ್ಚು ಕಾಣುತ್ತಾರೆ. ಜಿಲ್ಲಾ ಮಟ್ಟದ ಕಾಲೇಜಿನಿಂದ ಅರ್ಜಿ ಹಾಕಿದವನಿಗೆ ಅರ್ಜಿ ತಿದ್ದಿಕೊಡುವವರೂ ಹತ್ತಿರ ಇರುವುದಿಲ್ಲ.

ಹೊರಗಿನ ಹಣ

ಮರೆವಿನ ರೋಗಕ್ಕೇ ಮೀಸಲಾದ ಹಣ ಹೊರದೇಶಗಳಲ್ಲಿ ಹೆಚ್ಚು. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಕಿರಿಯರಿಗೆ ಕೊಡುವ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಐರ್ಲೆಂಡಿನ ಟ್ರಿನಿಟಿ ಕಾಲೇಜು ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ನಡೆಸುವ ಜಾಗತಿಕ ಮಿದುಳು ಆರೋಗ್ಯ ಸಂಸ್ಥೆಯ ಅಟ್ಲಾಂಟಿಕ್ ಫೆಲೋಶಿಪ್ ವೈದ್ಯರಿಗೆ ಮಾತ್ರವಲ್ಲ, ಸಮಾಜ ವಿಜ್ಞಾನಿಗಳು, ಕಲಾವಿದರು, ಪತ್ರಕರ್ತರಿಗೂ ತೆರೆದಿದೆ. ಅಲ್ಲಿ ತರಬೇತಾದವರು ತಮ್ಮ ದೇಶಕ್ಕೆ ಮರಳಿ ಸಣ್ಣ ಯೋಜನೆ ನಡೆಸಲು ಹಣ ಕೇಳಬಹುದು.

ಬ್ರಿಟನ್ನಿನಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಮೂರು ಸಲ ಫಾರ್ಮುಲಾ ಒನ್ ಕಾರ್ ರೇಸ್ ಚಾಂಪಿಯನ್ ಆಗಿದ್ದ ಜಾಕಿ ಸ್ಟೂವರ್ಟ್ ಅವರ ಪತ್ನಿ ಹೆಲೆನ್‌ಗೆ 2014ರಲ್ಲಿ ಡಿಮೆನ್ಷಿಯಾ ಪತ್ತೆಯಾಯಿತು. ರೇಸಿನಲ್ಲಿ ಯಂತ್ರದ ದೋಷ ಕಂಡರೆ ದಿನದೊಳಗೆ ಸರಿಪಡಿಸುತ್ತಾರೆ, ಈ ರೋಗದಲ್ಲಿ ಏಕೆ ಇಷ್ಟು ನಿಧಾನ ಎಂದು ಬೇಸತ್ತ ಅವರು 'ರೇಸ್ ಅಗೇನ್ಸ್ಟ್ ಡಿಮೆನ್ಷಿಯಾ' ಎಂಬ ಸಂಸ್ಥೆ ಕಟ್ಟಿದರು. ಅದು ಮುಖ್ಯವಾಗಿ ಹಣ ಕೊಡುವುದು ಕಿರಿಯ ಸಂಶೋಧಕರಿಗೆ. ವೇಗದ ಮನುಷ್ಯನೂ ಕೊನೆಗೆ ನಿಗದಿ ಮಾಡಿದ್ದು ಐದು ವರ್ಷದ ಫೆಲೋಶಿಪ್.

ಹೊರಗಿನ ಹಣಕ್ಕೆ ಒಂದು ಅಪಾಯವೂ ಉಂಟು. ಬಲ್ಲಭಗಢದ ಕೆಲಸಕ್ಕೂ, ಮೇಲೆ ಹೇಳಿದ 4,096 ಜನರ ಅಧ್ಯಯನಕ್ಕೂ ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆಯ ಹಣ ಬಂದಿತ್ತು. ಅಂಥ ಹಣ ಸಾಮಾನ್ಯವಾಗಿ ಅಲ್ಲಿನ ವಿಶ್ವವಿದ್ಯಾಲಯದ ಮೂಲಕ ಇಲ್ಲಿನ ಪಾಲುದಾರರಿಗೆ ಬರುತ್ತದೆ. 2025ರ ಮೇ 1ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಹೊಸ ವ್ಯವಸ್ಥೆ ರೂಪುಗೊಳ್ಳುವವರೆಗೆ ಹೊರದೇಶಗಳಿಗೆ ಹೀಗೆ ಉಪ ಅನುದಾನ ಇರುವ ಹೊಸ ಯೋಜನೆಗಳಿಗೆ ಮಂಜೂರಾತಿ ಇಲ್ಲ ಎಂದು ಪ್ರಕಟಿಸಿದವು. ನಮ್ಮ ಅಜ್ಜಂದಿರ ಎಣಿಕೆ ವಾಷಿಂಗ್ಟನ್ನಿನ ಒಂದು ಸುತ್ತೋಲೆಗೆ ತೂಗುಬಿದ್ದಿರುವುದು ಒಳ್ಳೆಯ ಸ್ಥಿತಿ ಅಲ್ಲ.

ನಮ್ಮ ಭಾಗದವರು ಏನು ಮಾಡಬಹುದು

ನಮ್ಮ ಮಕ್ಕಳಿಗೆ ಒಂದು ಬಂಡವಾಳ ಇದೆ. ಕನ್ನಡ, ತೆಲುಗು ಎರಡರಲ್ಲೂ ಹಿರಿಯರನ್ನು ಮಾತಾಡಿಸಬಲ್ಲವರು ಈ ಕ್ಷೇತ್ರದಲ್ಲಿ ಬೇಕಾದವರು. ಪಿಎಚ್.ಡಿ ಇಲ್ಲದಿದ್ದರೂ, ಎಂ.ಎ. ಮನಃಶಾಸ್ತ್ರ, ಎಂ.ಎಸ್.ಡಬ್ಲ್ಯೂ., ಬಿ.ಎಸ್ಸಿ ನರ್ಸಿಂಗ್ ಮಾಡಿದವರು ಇಂಥ ಅಧ್ಯಯನಗಳಲ್ಲಿ ಪ್ರಾಜೆಕ್ಟ್ ಸಿಬ್ಬಂದಿಯಾಗಿ ಸೇರಬಹುದು. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರ ತಮ್ಮ ಅಂತರ್ಜಾಲ ತಾಣಗಳಲ್ಲಿ ಈ ಹುದ್ದೆಗಳ ಪ್ರಕಟಣೆ ಹಾಕುತ್ತವೆ. ಹುದ್ದೆ ತಾತ್ಕಾಲಿಕ ಎಂಬುದನ್ನು ತಿಳಿದೇ ಹೋಗಬೇಕು. ಆದರೆ ಮುಂದೆ ತನ್ನದೇ ಅರ್ಜಿ ಬರೆಯುವಾಗ ಆ ಅನುಭವ ಕೈಹಿಡಿಯುತ್ತದೆ.

ಅರ್ಜಿ ಬರೆಯುವವರಿಗೆ ಒಂದು ಮಾತು. ಎಲ್ಲ ಅನುದಾನಕ್ಕೂ ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು, ಮನುಷ್ಯರ ಮೇಲಿನ ಅಧ್ಯಯನವಾದ್ದರಿಂದ ನೈತಿಕ ಸಮಿತಿಯ ಅನುಮತಿ ಬೇಕು. ಮರೆವು ಇರುವವರ ವಿಷಯದಲ್ಲಿ ಸಮಿತಿ ಇನ್ನೂ ಕಟ್ಟುನಿಟ್ಟು: ತನ್ನ ಒಪ್ಪಿಗೆಯನ್ನೇ ಮರೆಯುವವರ ಪರವಾಗಿ ಮನೆಯವರು ಸಹಿ ಹಾಕಬೇಕಾಗುತ್ತದೆ. ಮನೆಯವರೇ ಸುಗ್ಗಿಗೆ ಹೋಗಿದ್ದರೆ? ಕೋಸಗಿಯಲ್ಲಿ ಅಧ್ಯಯನ ಮಾಡುವವನು ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಬೇಕು. ಅರ್ಜಿ ಕರೆಯುವ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ತಾಣವನ್ನೇ ನೋಡುವುದು ಸೂಕ್ತ, ಏಜೆಂಟರ ಮಾತು ನಂಬಬಾರದು. ಈ ಅನುದಾನಗಳಿಗೆ ಏಜೆಂಟರೇ ಇಲ್ಲ.

ಮನೆಯಲ್ಲಿ ಈಗಾಗಲೇ ಇಂಥ ಹಿರಿಯರಿದ್ದವರಿಗೆ ಅನುದಾನದ ಮಾತು ದೂರದ್ದು. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಕ್ಲಿನಿಕ್‌ಗಳು ಬಂದವು, ಮುಂದೆ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಕೋಸಗಿಯವರಿಗೆ ರಾಯಚೂರು ರೈಲಿನ ದಾರಿಯಲ್ಲೇ ಇದೆ. ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ದಿನ ವೈದ್ಯರು ಸಿಗುತ್ತಾರೆ ಎಂದು ವಿಚಾರಿಸಿಕೊಳ್ಳಿ. ಅಜ್ಜನ ಜತೆ, ಮರೆವು ಯಾವಾಗ ಶುರುವಾಯಿತು ಎಂದು ಸರಿಯಾಗಿ ಹೇಳಬಲ್ಲ ಒಬ್ಬರು ಹೋಗಬೇಕು.